ಬಿಸಿಲಿಗೆ ಹಾಕಬಾರದ ಬಟ್ಟೆ

ಸೋಮವಾರ ಬೆಳಿಗ್ಗೆ ಅಂಗಡಿ ಧಣಿ ಹೋಲ್ಕಟ್ ಮನೆಯ ಹಿಂಬಾಗಿಲಿನಿಂದ ಹೊತ್ತು ತಂದ ಬಟ್ಟೆಗಂಟನ್ನು ಬಿಚ್ಚುವಾಗ ಲುವೀನಿಯಾಳ ಬೆರಳಿಗೆ ಪಿನ್ನು ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಹಾಗೇ ನಿಂತಳು. ಬಾಯಿ ಮಡಚಿ ಪಿನ್ನು ಹಾಕಿದ ದಿಂಬಿನ ಗವಸು ಗಂಟಿನ ತಳದಲ್ಲಿ ಬಂತೆಂದರೆ ಒಳಗೆ ಇರುವುದು ದಿಂಬಲ್ಲ. ಬಿಚ್ಚಿ ನೋಡುವುದೇನೂ ಬೇಕಿರಲಿಲ್ಲ.

ಆದರೂ ಬಿಚ್ಚಿದಳು. ಬಿಳಿ ನಿಲುವಂಗಿ. ಕಣ್ಣಿಗೆರಡು ತೂತು ಕತ್ತರಿಸಿದ ಚೂಪು ಮುಸುಕು. ಪೆಟ್ಟಿಗೆಯಲ್ಲಿ ಬಹಳ ದಿನ ಮಲಗಿ ಮಡಿಕೆಯ ಗೆರೆಗಳು ಹಳದಿಯಾಗಿದ್ದವು. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು.

ಬೇಲಿಯ ಆಚೆ ಆರ್ಜುಲಾ ತನ್ನ ಹಂಡೆಯ ಕೆಳಗೆ ಸೌದೆ ಒಟ್ಟುತ್ತಿದ್ದಳು. ಅವಳೂ ಒಗೆಯುವವಳೇ. ಮುದುಕಿ. ಮೊಣಕೈಯವರೆಗೆ ಬೂದಿನೀರು ತಿಂದು ಚರ್ಮ ಸುಲಿದ ಕೈ ಅವಳದು.

"ಏನೇ, ಹಾವು ಕಂಡೋಳ ಹಂಗೆ ನಿಂತ್ಕಂಡೆ?"

"ಹಾವೇ ಕಣಕ್ಕ. ಹೋಲ್ಕಟ್ ಮನೇದು."

ಆರ್ಜುಲಾ ಸೌದೆ ಕೆಳಗಿಟ್ಟಳು. "ಹಂಗಾರೆ ಕೌದಿ ಹಾಕು," ಎಂದಳು.

ಆ ಬಟ್ಟೆಗೆ ಬಿಳಿಯರ ಬಾಯಲ್ಲಿ ಹೆಸರಿರಲಿಲ್ಲ. ಮೊದಲ ಸಲ ಕೊಟ್ಟಾಗ ಹೋಲ್ಕಟ್ ಅಮ್ಮಾವರು, "ಇದು ಧಣಿಯವರ ಸಂಘದ ಬಟ್ಟೆ. ಬೇರೆಯಾಗಿ ಒಗಿ. ಬಿಸಿಲಿಗೆ ಹಾಕಬೇಡ, ಒಳಗೇ ಒಣಗಿಸು," ಎಂದಿದ್ದರು. ಅಷ್ಟೇ. ಬಿಳಿ ಹೆಂಗಸರು ಕುದಿಯುವ ನೀರಿಗೆ ಕೈ ಹಾಕುವವರಲ್ಲ. ಕರಿಯರ ಬೆನ್ನಿಗೆ ಬಾರುಕೋಲು ಬೀಸಲು ತೊಡುವ ಬಟ್ಟೆಯನ್ನೂ ಕರಿಯಳ ಕೈಯಲ್ಲೇ ಒಗೆಸಬೇಕು. ಒಗೆಯುವವಳು ಅದನ್ನು ನೋಡುತ್ತಾಳಲ್ಲ ಎಂಬ ಅಳುಕು ಯಾರಿಗೂ ಬರಲಿಲ್ಲ. ಹಂಡೆಗೆ ಕಣ್ಣಿದೆಯೇ? ಇಸ್ತ್ರಿಪೆಟ್ಟಿಗೆಗೆ ಬಾಯಿದೆಯೇ? ಲುವೀನಿಯಾಳೂ ಆ ಸಾಲಿನವಳೇ ಎಂದುಕೊಂಡಿದ್ದರು.

ಆದರೆ ಕೇರಿಯ ಒಗೆಯುವ ಹೆಂಗಸರು ತಮ್ಮ ನಡುವೆ ಒಂದು ಪದ್ಧತಿ ಮಾಡಿಕೊಂಡಿದ್ದರು. ಆ ಬಟ್ಟೆ ಒಗೆಯಲು ಬಂತೆಂದರೆ ವಾರದೊಳಗೆ ಯಾರದೋ ಮನೆಗೆ ಕೇಡು ಬರುತ್ತದೆ. ಅದಕ್ಕೆ ಲುವೀನಿಯಾ ತನ್ನ ನೀಲಿ ಕೌದಿಯನ್ನು ರಸ್ತೆ ಬದಿಯ ಬೇಲಿಗೆ ಹಾಕುವಳು. ಕೇರಿಯವರು ನೋಡಿ, ಏನೂ ಕೇಳದೆ, ಕತ್ತಲಾಗುವ ಮೊದಲೇ ಒಳಗೆ ಸೇರಿಕೊಂಡು ಅಗಳಿ ಹಾಕಿಕೊಳ್ಳುವರು. ಮಕ್ಕಳನ್ನು ಮಂಚದ ಕೆಳಗೆ ಮಲಗಿಸುವರು. ವರ್ಷಗಟ್ಟಲೆ ಬಿಸಿಲು ಬಡಿದು ಕೌದಿಯ ಒಂದು ಮೈ ಬಿಳಿಚಿಕೊಂಡಿತ್ತು. ಅದನ್ನು ಹೊದ್ದು ಮಲಗಿದ ನೆನಪು ಅವಳಿಗಿರಲಿಲ್ಲ. ಅವತ್ತೂ ಬೇಲಿಗೆ ಹಾಕಿದಳು.

ಅವತ್ತು ಮಧ್ಯಾಹ್ನ ಡಾಕ್ಟರ್ ಮನೆಯ ಗಂಟಿನಲ್ಲೂ ಪಿನ್ನು ಹಾಕಿದ ಗವಸು ಬಂತು. ಸಂಜೆ ಶೆರೀಫನ ಕೈಕೆಳಗಿನ ಪೊಲೀಸು ಗ್ರೇಡನ್ ಮನೆಯದರಲ್ಲೂ ಬಂತು. ಮೂರೂ ಒಟ್ಟಿಗೆ ಬಂದದ್ದು ಹಿಂದೆ ಒಂದೇ ಸಲ. ಅವಳ ಗಂಡ ಎಜೆಲ್ ಸತ್ತ ವಾರ.

ಶನಿವಾರ ಮಧ್ಯಾಹ್ನದೊಳಗೆ ಬೇಕು ಎಂದು ಹೋಲ್ಕಟ್ ಅಮ್ಮಾವರು ಎರಡೆರಡು ಸಲ ಹೇಳಿದ್ದರು. ಶನಿವಾರ ಸಂಜೆ ಇವರು ಕೇರಿಗೆ ಬರುತ್ತಾರೆ. ಮುಂದಿನ ಬುಧವಾರ ಓಟು. ಇದರಲ್ಲಿ ಅರ್ಥವಾಗದ್ದೇನೂ ಇರಲಿಲ್ಲ. ಬಿಳಿಯರು ಬಿಳಿಯರನ್ನೇ ಆರಿಸುವ ಆ ಓಟಿಗೆ ಕರಿಯರೂ ಬರಬಹುದು ಎಂದು ದೊಡ್ಡ ಕೋರ್ಟು ಹೇಳಿತ್ತು. ಕೋರ್ಟು ದೂರದಲ್ಲಿತ್ತು. ಜಾರ್ಜಿಯಾದ ಈ ಕಾಲ್ಡರ್ ಫೋರ್ಡ್ ಎಂಬ ಊರಿನಲ್ಲಿ ಕಚೇರಿಗೆ ಹೋಗಿ ಹೆಸರು ಬರೆಸಿದ ಕರಿಯ ಒಬ್ಬನೇ. ಅವನು ಲುವೀನಿಯಾಳ ಮಗ ಕ್ಲಿಯೋಫಸ್.

ಕ್ಲಿಯೋ ಯುದ್ಧಕ್ಕೆ ಹೋಗಿ ಬಂದವನು. ಫ್ರಾನ್ಸಿನ ಕೆಸರಿನಲ್ಲಿ ಲಾರಿ ಓಡಿಸಿದ್ದ. ಈಗ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದ. ಮಾತು ಕಡಿಮೆ. ಊರಿಗೆ ಬಂದ ಮೊದಲ ವಾರವೇ ಬಸ್ಸಿನಲ್ಲಿ ಹಿಂದಿನ ಸಾಲಿಗೆ ಹೋಗು ಎಂದವನ ಮುಖವನ್ನು ದಿಟ್ಟಿಸಿ ನೋಡಿದ್ದನಂತೆ. ಹೋದನಂತೆ, ಆದರೆ ನಿಧಾನವಾಗಿ ಹೋದನಂತೆ. ಆ ನಿಧಾನವನ್ನು ಊರು ಇನ್ನೂ ಮರೆತಿರಲಿಲ್ಲ.

ಲುವೀನಿಯಾ ಮಿಕ್ಕ ಬಟ್ಟೆಗಳನ್ನು ಮಂಗಳವಾರವೇ ಹಂಡೆಗೆ ಹಾಕಿದಳು. ಬೂದಿನೀರು ಮತ್ತು ಹಂದಿಕೊಬ್ಬಿನಿಂದ ತಾನೇ ಕಾಯಿಸಿದ ಸಾಬೂನನ್ನು ಹೆರೆದು ಹಾಕಿದಳು. ಕೋಲಿನಿಂದ ತಿರುವಿದಳು, ಎತ್ತಿದಳು, ಹಲಗೆಯ ಮೇಲೆ ಉಜ್ಜಿದಳು, ಹಿಂಡಿದಳು, ನೀಲಿ ನೀರಿನಲ್ಲಿ ಅದ್ದಿದಳು, ಗಂಜಿ ಹಾಕಿದಳು. ಬೆನ್ನು ನೋಯುತ್ತಿತ್ತು. ಬೆರಳಿನ ಸಂದುಗಳು ಬಿರಿದು ಉರಿಯುತ್ತಿದ್ದವು. ಡಾಕ್ಟರರ ಕೋಟು, ಗ್ರೇಡನ್ನನ ಖಾಕಿ ಅಂಗಿ, ಹೋಲ್ಕಟ್ ಅಂಗಡಿಯ ಏಪ್ರನ್ನು, ಹೋಲ್ಕಟ್ ಅಮ್ಮಾವರು ಹಳದಿ ಗುಲಾಬಿಗಳ ಕಸೂತಿ ಹಾಕಿದ ದೊಡ್ಡ ಮೇಜುಬಟ್ಟೆ. ಆ ಮೇಜುಬಟ್ಟೆ ಬಿಳಿಯರ ಚರ್ಚಿನ ಪ್ರತಿ ಊಟದಲ್ಲೂ ಹಾಸುವಂಥದ್ದು. ಎಲ್ಲವೂ ಮುಗಿದವು. ಆ ಮೂರು ಗವಸುಗಳು ಮಾತ್ರ ಹಿಂದಿನ ಕೊಟ್ಟಿಗೆಯ ತೊಟ್ಟಿಯಲ್ಲಿ ಒಣಕಲಾಗಿಯೇ ಬಿದ್ದಿದ್ದವು. ಅವಳು ಹತ್ತಿರ ಹೋಗುವಳು, ಬರುವಳು. ಕೈ ಹೋಗಲೊಲ್ಲದು.

ಗುರುವಾರ ಸಂಜೆ ಕ್ಲಿಯೋ ಕೊಡಲಿ ಹುಡುಕಿಕೊಂಡು ಕೊಟ್ಟಿಗೆಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಲುವೀನಿಯಾ ಹೋಗಿ ನೋಡಿದರೆ ಮುಸುಕೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಇದೇನವ್ವ?"

ಅವಳು ಅದನ್ನು ಕಿತ್ತುಕೊಳ್ಳಲು ಕೈ ಚಾಚಿದಳು. ಅವನು ಬಿಡಲಿಲ್ಲ.

"ಇದು ಇಲ್ಯಾಕೈತೆ? ನೀನು ಒಗೀತೀಯಾ ಇದನ್ನ?"

"ಕೊಡೋದು ಅವ್ರು. ಒಗೆಯೋದು ನಾನು. ಒಗೀದಿದ್ರೆ ನಿನ್ನ ಹೊಟ್ಟೆಗೆ ಏನು ಹಾಕ್ತಿದ್ದೆ?"

"ನಂಗೆ ಒಂದು ಮಾತು ಹೇಳಿಲ್ಲ."

"ಹೇಳೋಕೆ ಅದೇನು ಹಬ್ಬದ ಸುದ್ದಿಯಾ? ಕೌದಿ ಹಾಕ್ತಿದ್ನಲ್ಲ. ಅವ್ರು ಬರೋದು ನಂಗೆ ಹೆಂಗೆ ಗೊತ್ತಾಗ್ತಿತ್ತು ಅಂದ್ಕಂಡಿದ್ದೆ? ಕನಸು ಬೀಳ್ತಿತ್ತಾ ನಂಗೆ?"

ಕ್ಲಿಯೋ ಮುಸುಕಿನ ಕಣ್ಣುತೂತಿನೊಳಗೆ ಬೆರಳು ತೂರಿಸಿ ನೋಡಿದ. ಅವನ ದನಿ ತಗ್ಗಿತು.

"ಅಪ್ಪನ್ನ ಎಳ್ಕೊಂಡು ಹೋದಾಗ ಹಾಕ್ಕಂಡಿದ್ರಲ್ಲ. ಅದನ್ನೂ ನೀನೇ ಒಗೆದ್ಯಾ?"

ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿದಳು. ಹನ್ನೆರಡು ವರ್ಷದ ಹಿಂದೆ ಎಜೆಲ್ ತನ್ನ ಹೇಸರಗತ್ತೆಯ ಬಂಡಿಯನ್ನು ಬಿಳಿಯನೊಬ್ಬನ ಕಾರಿಗೆ ಬೇಗ ಪಕ್ಕಕ್ಕೆ ಹೊಡೆಯಲಿಲ್ಲ. ಅಷ್ಟಕ್ಕೇ ಶನಿವಾರ ಬಂದು ಈ ಜಗಲಿಯಿಂದ ಎಳೆದುಕೊಂಡು ಹೋದರು. ಹೋಗುವಾಗ ಅವನು ಅಕ್ಕಪಕ್ಕದವರ ಹೆಸರು ಹಿಡಿದು ಕೂಗಿದ. ಆರ್ಜುಲಾಳನ್ನೂ ಕೂಗಿದ. ಕೌದಿ ಬೇಲಿಯ ಮೇಲಿತ್ತು. ಒಂದು ಬಾಗಿಲೂ ತೆರೆಯಲಿಲ್ಲ. ಸೋಮವಾರ ಎಂದಿನಂತೆ ಗಂಟು ಬಂತು. ಒಂದು ನಿಲುವಂಗಿಯ ತೋಳಿನ ಅಂಚು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು.

"ಹೂಂ," ಎಂದಳು. "ಒಗೆದೆ. ರಕ್ತ ತಣ್ಣೀರಲ್ಲಿ ಹೋಯ್ತದೆ ಕಣಪ್ಪ. ಬಿಸಿನೀರು ಹಾಕಿದ್ರೆ ಕೂತ್ಕಂಡುಬಿಡ್ತದೆ. ಉಪ್ಪು ಹಾಕಿ ತಣ್ಣೀರಲ್ಲಿ ನೆನೆಸಿ, ತಿಕ್ಕಿ ತಿಕ್ಕಿ ತೆಗೆದೆ. ಚೆನ್ನಾಗಿ ಹೋಗೈತೆ ಅಂತ ಅಮ್ಮಾವ್ರು ಹೊಗಳಿದ್ರು."

ಕ್ಲಿಯೋ ಮುಸುಕನ್ನು ತೊಟ್ಟಿಗೆ ಹಾಕಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಬುಧವಾರ ನಾನು ಹೋಗೋದು ಹೋಗೋದೇ," ಎಂದ. "ಶನಿವಾರ ಬರೋರು ಬರ್ಲಿ. ನೀನು ಒಗೆದು ಗಂಜಿ ಹಾಕಿ ಕೊಡು, ಗರಿಗರಿಯಾಗಿ ಹಾಕ್ಕಂಡು ಬರ್ಲಿ."

ಕೊಡಲಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ. ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಮಾರನೆಯ ದಿನ ಲುವೀನಿಯಾ ಬೇಲಿಯ ಹತ್ತಿರ ಆರ್ಜುಲಾಳನ್ನು ಕರೆದಳು.

"ಅಕ್ಕ, ನಾನು ಅದನ್ನ ವಾಪಸ್ ಕೊಡಲ್ಲ."

"ಥೂ, ಹುಚ್ಚಿ. ಕೊಡ್ದೆ ಏನ್ ಮಾಡ್ತೀಯಾ? ಇಸ್ತ್ರಿ ಮಾಡುವಾಗ ಸುಟ್ಟೋಯ್ತು ಅನ್ನು. ಹೊಸಾದು ಹೊಲಿಸೋವಷ್ಟರಲ್ಲಿ ಓಟು ಮುಗೀತದೆ. ನಾಲ್ಕು ಬೈಗುಳ ತಿಂದ್ರಾಯ್ತು. ಬೈಗುಳ ತಿಂದು ಯಾರ ಹೊಟ್ಟೆ ಕೆಟ್ಟೈತೆ?"

"ಸುಳ್ಳು ಹೇಳಿದ್ರೆ ಇನ್ನೊಂದು ಹೊಲಿಸ್ತಾರೆ. ಅದೂ ನನ್ನ ಹಂಡೆಗೇ ಬತ್ತದೆ. ಹೊರಗಿನ ತಂತಿ ಮೇಲೆ ಒಣಹಾಕ್ತೀನಿ. ಬಿಸಿಲಿಗೆ."

ಆರ್ಜುಲಾ ತಿರುಗಿ ರಸ್ತೆಯ ಕಡೆ ನೋಡಿದಳು. ಲುವೀನಿಯಾಳ ತಂತಿ ಇದ್ದದ್ದು ರಸ್ತೆ ಬದಿಯಲ್ಲಿ. ಹತ್ತಿ ಹೊಲಗಳಿಂದ ಊರ ಸಂತೆಬೀದಿಗೆ ಹೋಗುವ ರಸ್ತೆ ಅದೊಂದೇ. ಶನಿವಾರ ಅಲ್ಲಿ ಬಿಳಿಯರ, ಕರಿಯರ ಬಂಡಿಗಳೆಲ್ಲ ಸಾಲಾಗಿ ಹೋಗುತ್ತವೆ.

"ಮುಸುಕು ಇದ್ರೆ ತಾನೇ ಅವ್ರು ಯಾರು ಅಂತ ಯಾರ್ಗೂ ಗೊತ್ತಿಲ್ಲ ಅನ್ನೋ ನಾಟಕ," ಎಂದಳು ಲುವೀನಿಯಾ. "ಊರೆಲ್ಲ ನೋಡ್ಲಿ."

"ಮುಖ ಬಿಟ್ಕಂಡೂ ಕೊಂದವ್ರೆ ಕಣೇ. ಮುಖ ಕಂಡ್ರೆ ಸಾಯ್ಸಲ್ಲ ಅಂದ್ಕಂಡ್ಯಾ?"

"ಗೊತ್ತಕ್ಕ. ಸಾಯ್ಸಲಿ. ನನ್ನ ಕೈಲಿ ಒಗೆಸ್ಕೊಂಡು ನನ್ನ ಮಗನ್ನ ಸಾಯ್ಸೋದು ಬೇಡ. ಒಂದು ಸಲ ಆಯ್ತಲ್ಲ, ಸಾಕು."

ಆರ್ಜುಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಕೋಪ ಬಂದಿತ್ತು. ಕೋಪಕ್ಕಿಂತ ಹೆಚ್ಚಾಗಿ ಭಯವಾಗಿತ್ತು.

ಶನಿವಾರ ಹೊತ್ತು ಮೂಡುವ ಮುಂಚೆ ಲುವೀನಿಯಾ ಹಂಡೆಗೆ ಬೆಂಕಿ ಹಾಕಿದಳು. ಮೂರು ನಿಲುವಂಗಿ, ಮೂರು ಮುಸುಕು. ಎಂದೂ ಒಗೆಯದಷ್ಟು ಚೆನ್ನಾಗಿ ಒಗೆದಳು. ಹಳದಿ ಗೆರೆಗಳು ಹೋಗುವ ತನಕ ಉಜ್ಜಿದಳು. ನೀಲಿ ಹಾಕಿದಳು. ಕೆಲಸ ಸರಿಯಿಲ್ಲ ಎಂದು ಯಾರೂ ಹೇಳಬಾರದು. ಬೇಲಿಯ ಮೇಲಿನ ಕೌದಿಯನ್ನು ತೆಗೆದು ಮಡಚಿ ಜಗಲಿಯ ಮೇಲೆ ಎಸೆದಳು. ತಂತಿಯ ಮೇಲೆ, ಮಂಗಳವಾರವೇ ಒಗೆದಿಟ್ಟಿದ್ದ ಹೋಲ್ಕಟ್ ಅಂಗಡಿಯ ಏಪ್ರನ್ನು ಹಾಕಿದಳು. ಅದರ ಎದೆಯ ಮೇಲೆ ಅಂಗಡಿಯ ಹೆಸರು ಕೆಂಪಕ್ಷರದಲ್ಲಿತ್ತು. ಅದರ ಪಕ್ಕ ಅವನ ನಿಲುವಂಗಿ, ಅದರ ಪಕ್ಕ ಹಳದಿ ಗುಲಾಬಿಯ ಮೇಜುಬಟ್ಟೆ. ಆಮೇಲೆ ಡಾಕ್ಟರರ ಕೋಟು, ಪಕ್ಕ ಅವರ ನಿಲುವಂಗಿ. ಕೊನೆಗೆ ತೋಳಿಗೆ ಪಟ್ಟಿ ಹೊಲಿದ ಗ್ರೇಡನ್ನನ ಖಾಕಿ ಅಂಗಿ, ಪಕ್ಕ ಅವನದು. ಮುಸುಕುಗಳನ್ನು ತುದಿಗೆ ಮರದ ಕ್ಲಿಪ್ಪು ಹಾಕಿ ತೂಗಿಬಿಟ್ಟಳು. ಗಾಳಿಗೆ ಅವು ಉಬ್ಬಿ ಅಲ್ಲಾಡಿದವು.

ಆಮೇಲೆ ಜಗಲಿಯ ಕುರ್ಚಿಯಲ್ಲಿ ಕೂತಳು. ಕಣ್ಣು ರಸ್ತೆಯ ಮೇಲಿಟ್ಟಳು. ಕ್ಲಿಯೋ ಬಾಗಿಲಲ್ಲಿ ನಿಂತು ತಂತಿಯನ್ನೂ ಅವ್ವನನ್ನೂ ನೋಡಿದ. ಒಳಗೆ ಹೋಗಿ ಕಾಫಿ ಕಾಯಿಸಿ ತಂದುಕೊಟ್ಟ. ಗುರುವಾರದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ.

ಮೊದಲು ಬಂದದ್ದು ಕರಿಯರ ಬಂಡಿ. ಗಂಡಸು ತಂತಿ ನೋಡಿದವನೇ ಹೇಸರಗತ್ತೆಗೆ ಚಾಟಿ ಬೀಸಿ ಓಡಿಸಿದ. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬಂದದ್ದು ಬಡ ಬಿಳಿಯರ ಬಂಡಿ. ಗೇಣಿಗೆ ಹತ್ತಿ ಬೆಳೆಯುವವರು, ಹೋಲ್ಕಟ್ ಅಂಗಡಿಯಲ್ಲಿ ಸಾಲಕ್ಕೆ ಬೀಜ ತರುವವರು. ಬಂಡಿ ನಿಂತೇಬಿಟ್ಟಿತು.

"ಅಯ್ಯೋ, ನೋಡ್ರಿ," ಎಂದಳು ಒಬ್ಬ ಹೆಂಗಸು. "ಅದು ವರ್ನಾ ಹೋಲ್ಕಟ್ ಮೇಜುಬಟ್ಟೆ ಅಲ್ವಾ? ಹೋದ ಭಾನುವಾರ ಅದರ ಮೇಲೇ ತಾನೇ ಊಟ ಮಾಡಿದ್ದು?"

"ಬಾಯಿ ಮುಚ್ಚು," ಎಂದ ಅವಳ ಗಂಡ.

"ಪಕ್ಕದಲ್ಲಿರೋದು..."

"ಮುಚ್ಚು ಅಂದ್ನಲ್ಲ."

ಹಿಂದಿನ ಬಂಡಿಯಿಂದ ಯಾರೋ ಕಿಸಕ್ಕನೆ ನಕ್ಕರು. "ಗ್ರೇಡನ್ ಅಂಗಿ ಪಕ್ಕದಲ್ಲಿ ಗ್ರೇಡನ್ ಲಂಗ," ಎಂದ ಒಬ್ಬ. ನಗು ತಕ್ಷಣ ಸತ್ತುಹೋಯಿತು. ಬಂಡಿಗಳು ಹೊರಟವು. ಆದರೆ ಸಂತೆಬೀದಿ ಮುಟ್ಟುವಷ್ಟರಲ್ಲಿ ಸುದ್ದಿ ಅವುಗಳಿಗಿಂತ ಮುಂದೆ ಹೋಗಿತ್ತು.

ಮಧ್ಯಾಹ್ನಕ್ಕೆ ಮುಂಚೆ ಹೋಲ್ಕಟ್ ಅಮ್ಮಾವರ ಕಾರು ಬಂತು. ಅವರು ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿದರು. ಟೋಪಿಯ ಕೆಳಗೆ ಮುಖ ಕೆಂಪಗಾಗಿತ್ತು. ರಸ್ತೆಯ ಆಚೆ ನಾಲ್ಕಾರು ಬಿಳಿ ಹೆಂಗಸರು, ಕೇರಿಯ ಮಕ್ಕಳು, ನಿಂತ ಒಂದು ಬಂಡಿ. ಎಲ್ಲರೂ ನೋಡುತ್ತಿದ್ದರು.

"ಲುವೀನಿಯಾ, ಬಾ ಇಲ್ಲಿ."

ಲುವೀನಿಯಾ ಎದ್ದು ಬೇಲಿಯ ಹತ್ತಿರ ಬಂದಳು. ಬೇಲಿ ದಾಟಲಿಲ್ಲ.

"ಏನಿದು? ತೆಗಿ ಅವನ್ನ. ಈಗಲೇ ತೆಗಿ."

"ಯಾವುದನ್ನ ಅಮ್ಮಾವ್ರೇ?"

"ಯಾವುದನ್ನ ಅಂತ ನಿನಗೆ ಗೊತ್ತು."

"ಮೂರು ಮನೆ ಬಟ್ಟೆ ಐತೆ, ಅಮ್ಮಾವ್ರೇ. ನಿಮ್ಮದ್ಯಾವುದು ಅಂತ ನೀವೇ ಬಾಯಿಬಿಟ್ಟು ಹೇಳಿ. ತೆಗೆದು ಇಸ್ತ್ರಿ ಮಾಡಿ ಕೈಗೇ ಕೊಡ್ತೀನಿ."

ಅಮ್ಮಾವರ ಕಣ್ಣು ಜನರ ಕಡೆ ಓಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಊರಲ್ಲಿ ಎಲ್ಲರ ಹೆಗಲೂ ಬೂದಿಯೇ, ಆದರೆ ಮುಟ್ಟಿ ನೋಡಿಕೊಂಡವನೇ ಸಿಕ್ಕಿಬೀಳುವುದು. ರಸ್ತೆಯಾಚೆ ನಿಂತಿದ್ದ ಬಿಳಿ ಹೆಂಗಸರಲ್ಲೊಬ್ಬಳು ಕೊರಳು ಚಾಚಿದಳು.

"ಮೇಜುಬಟ್ಟೆ ನಿಮ್ಮದಲ್ವಾ ಅಮ್ಮಾವ್ರೇ? ಅದನ್ನಾದ್ರೂ ಕೊಡ್ಲಾ? ಅದರ ಪಕ್ಕದಲ್ಲಿರೋದು..."

"ಅದು ನನ್ನದಲ್ಲ," ಎಂದರು ಅಮ್ಮಾವರು. ಹಳದಿ ಗುಲಾಬಿಗಳನ್ನು ನೋಡುತ್ತಲೇ ಹೇಳಿದರು. ಒಂದು ಚಳಿಗಾಲವೆಲ್ಲ ಕೂತು ಅವುಗಳ ಕಸೂತಿ ಹಾಕಿದವರು ಅವರೇ. "ಯಾವುದೂ ನನ್ನದಲ್ಲ."

ಗಾಜು ಮೇಲಕ್ಕೆ ಹೋಯಿತು. ಕಾರು ಹೊರಟಿತು.

ಆ ಸಂಜೆ ಮುಸುಕಿನವರು ಕೇರಿಗೆ ಬರಲಿಲ್ಲ. ಬಟ್ಟೆಗಳು ತಂತಿಯ ಮೇಲೇ ಉಳಿದವು. ಭಾನುವಾರ ಚರ್ಚಿನ ಊಟಕ್ಕೆ ಬರಿಯ ಹಲಗೆಯ ಮೇಲೆ ತಟ್ಟೆಗಳನ್ನಿಟ್ಟರಂತೆ. ಸೋಮವಾರ ಗ್ರೇಡನ್ ಬೆವರುವಾಸನೆಯ ಹಳೆಯ ಅಂಗಿ ಹಾಕಿಕೊಂಡು ತಿರುಗುತ್ತಿದ್ದನಂತೆ. ಕೇರಿಯವರು ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆದರೆ ಅದೇ ಸೋಮವಾರ ಲುವೀನಿಯಾ ಹಿಂಬಾಗಿಲುಗಳಿಗೆ ಹೋದರೆ ಒಂದು ಮನೆಯವರೂ ಬಟ್ಟೆ ಕೊಡಲಿಲ್ಲ. ಒಬ್ಬರು ನಾಯಿಯನ್ನು ಬಿಟ್ಟರು. ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ ಎಂದುಕೊಂಡು ಬರಿಗೈಯಲ್ಲಿ ಬಂದಳು. ಮಿಲ್ಲಿನಲ್ಲಿ ಕ್ಲಿಯೋಗೂ ನಾಳೆಯಿಂದ ಬರಬೇಡ ಎಂದರು.

ಮಂಗಳವಾರ ಬೆಳಿಗ್ಗೆ ನೋಡಿದರೆ ಹಂಡೆಯ ನೀರೆಲ್ಲ ಸೋರಿ ಅಂಗಳ ಕೆಸರಾಗಿತ್ತು. ಯಾರೋ ಗುಂಡು ಹೊಡೆದಿದ್ದರು. ಕಬ್ಬಿಣದಲ್ಲಿ ಎರಡು ತೂತು. ಆರ್ಜುಲಾ ಬಂದು ಬಗ್ಗಿ ನೋಡಿದಳು. ಶುಕ್ರವಾರದಿಂದ ಅವಳು ಬೇಲಿಯ ಹತ್ತಿರ ಬಂದಿರಲಿಲ್ಲ.

"ನೋಡೇ, ಹಂಡೆಗೂ ಕಣ್ಣು ಬಂತು," ಎಂದಳು.

ಲುವೀನಿಯಾಳಿಗೆ ನಗು ಬಂತು. ನಗುತ್ತ ನಗುತ್ತ ಅತ್ತಳು. ಆ ಹಂಡೆ ಅವಳ ಅವ್ವನದು.

ಬುಧವಾರ ಕ್ಲಿಯೋ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡ. ಲುವೀನಿಯಾ ಅವನ ಬಿಳಿ ಅಂಗಿಗೆ ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಳು. ಕಾಲರನ್ನು ಸರಿಮಾಡಿದಳು.

"ರಸ್ತೆ ನಡುವೆ ನಡಿ. ಮರಗಳ ಕಡೆ ಹೋಗ್ಬೇಡ."

"ಹೂಂ ಅವ್ವ."

"ಯಾರು ಏನಂದ್ರೂ ಕೈ ಜೇಬಿಗೆ ಹಾಕ್ಬೇಡ. ಕಾಣೋ ಹಂಗೆ ಇಟ್ಕೊ."

"ಗೊತ್ತು."

ಅವನು ಹೋದಾಗಿನಿಂದ ಬರುವ ತನಕ ಅವಳು ಜಗಲಿಯ ಮೇಲಿಂದ ಅಲುಗಲಿಲ್ಲ. ಬಿಸಿಲು ನೆತ್ತಿ ದಾಟಿದ ಮೇಲೆ ರಸ್ತೆಯ ನಡುವೆ ಅವನು ನಡೆದು ಬರುವುದು ಕಂಡಿತು. ಕೋಟಿನ ಬೆನ್ನಿಗೆ ಯಾರೋ ಎಲೆಯಡಿಕೆಯಂತೆ ಹೊಗೆಸೊಪ್ಪು ಜಗಿದು ಉಗಿದಿದ್ದರು. ಕೈ ಎರಡೂ ಕಾಣುವಂತೆ ತೂಗುತ್ತಿದ್ದವು.

"ಹಾಕ್ದೆ," ಎಂದ. ಅಷ್ಟೇ ಹೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಫ್ರಾನ್ಸಿನಿಂದ ಬಂದ ದಿನವೂ ಅವನು ಇಷ್ಟು ದಣಿದಿರಲಿಲ್ಲ. ಅವಳು ಅವನ ತಲೆ ನೇವರಿಸಿದಳು.

ಹೊತ್ತು ಇಳಿಯುವಾಗ ಟ್ರಕ್ಕು ಬಂತು. ಮುಸುಕಿಲ್ಲ. ಮೂರು ಮುಖ. ಡಾಕ್ಟರ್ ಒಳಗೇ ಕೂತು ಬೇರೆ ಕಡೆ ನೋಡುತ್ತಿದ್ದರು. ಈ ಕೇರಿಯ ಎಷ್ಟೋ ಮಕ್ಕಳ ಹೊಕ್ಕುಳು ಕತ್ತರಿಸಿದ ಕೈ ಅವರದು. ಹೋಲ್ಕಟ್ ಮತ್ತು ಗ್ರೇಡನ್ ಇಳಿದರು. ಗ್ರೇಡನ್ನನ ಕೈಯಲ್ಲಿ ಬಂದೂಕಿತ್ತು.

ಲುವೀನಿಯಾ ಹಂಡೆ ತಿರುವುವ ಕೋಲನ್ನು ಹಿಡಿದು ಬೇಲಿಗೆ ಬಂದಳು. ಕ್ಲಿಯೋ ಎದ್ದು ಅವಳ ಹಿಂದೆ ನಿಂತ. ಕೈ ಕಾಣುವಂತಿತ್ತು.

"ಬನ್ನಿ ಹೋಲ್ಕಟ್ ಧಣಿ," ಎಂದಳು ಗಟ್ಟಿಯಾಗಿ. ಕೇರಿಯ ಕೊನೆಯ ಮನೆಗೂ ಕೇಳುವಷ್ಟು ಗಟ್ಟಿಯಾಗಿ. "ಬನ್ನಿ ಗ್ರೇಡನ್ ಧಣಿ. ಟ್ರಕ್ಕಿನಲ್ಲಿರೋ ಡಾಕ್ಟರ್ ಧಣೀ, ನಮಸ್ಕಾರ. ಬಟ್ಟೆಗೆ ಬಂದ್ರಾ? ಒಣಗಿ ಗರಿಯಾಗವೆ. ನಿಮ್ಮ ನಿಮ್ಮ ಕೈಯಾರೆ ತಗೊಳ್ಳಿ."

ಎಲ್ಲೋ ಒಂದು ಅಗಳಿ ಸರಿದ ಸದ್ದಾಯಿತು. ಆರ್ಜುಲಾ ಜಗಲಿಗೆ ಬಂದಳು. ಅವಳ ಕೈಯಲ್ಲೂ ಕೋಲಿತ್ತು. ಇನ್ನೊಂದು ಬಾಗಿಲು ತೆರೆಯಿತು. ಆಮೇಲೆ ಮತ್ತೊಂದು. ಎಲ್ಲ ಬಾಗಿಲೂ ತೆರೆದವು ಎಂದರೆ ಸುಳ್ಳಾದೀತು. ಅರ್ಧಕ್ಕರ್ಧ ಮುಚ್ಚಿಯೇ ಇದ್ದವು. ಆದರೆ ತೆರೆದವರು ಒಳಗೆ ಹೋಗಲಿಲ್ಲ.

ಗ್ರೇಡನ್ ಒಂದೊಂದೇ ಜಗಲಿಯ ಕಡೆ ನೋಡಿದ. ಬಂದೂಕು ಯಾವ ಕಡೆ ತಿರುಗಿಸಬೇಕೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ತಂತಿಯ ಹತ್ತಿರ ಹೋಗಿ ತನ್ನ ಖಾಕಿ ಅಂಗಿಯನ್ನು ಕಿತ್ತುಕೊಂಡ. ಹೋಲ್ಕಟ್ ಏಪ್ರನ್ನನ್ನು ತೆಗೆದುಕೊಂಡ. ನಿಲುವಂಗಿ ಅವನ ಮೊಣಕೈಗೆ ತಗುಲಿತು. ಅವನು ಅದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಮೇಜುಬಟ್ಟೆಯನ್ನೂ ಬಿಟ್ಟ.

ಆಮೇಲೆ ಬೇಲಿಯ ಹತ್ತಿರ ಬಂದು, ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ದನಿಯಲ್ಲಿ ಹೇಳಿದ:

"ಆ ನೀಲಿ ಕೌದಿ ಯಾಕೆ ಹಾಕ್ತಿದ್ದೆ ಅಂತ ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ, ಲುವೀನಿಯಾ? ಮೊದಲಿಂದಲೂ ಗೊತ್ತಿತ್ತು. ನಾನೇ ನಮ್ಮವರಿಗೆ ಹೇಳ್ತಿದ್ದೆ, ಹಾಕಲಿ ಬಿಡ್ರಪ್ಪ ಅಂತ. ಎಲ್ಲರನ್ನೂ ಒಳಗೆ ಕೂರಿಸಿ ಅಗಳಿ ಹಾಕಿಸ್ತಿದ್ದವಳು ನೀನೇ. ನಮಗೆ ಕೆಲಸ ಸಲೀಸಾಗ್ತಿತ್ತು. ನಿನ್ನ ಗಂಡನ್ನ ಕರ್ಕೊಂಡು ಹೋದಾಗ ಒಂದು ನರಪಿಳ್ಳೆ ಹೊರಗೆ ಬರಲಿಲ್ಲ. ನೆನಪಿದೆಯಾ?"

ಲುವೀನಿಯಾಳ ಕೈಯಲ್ಲಿದ್ದ ಕೋಲು ನೆಲಕ್ಕೆ ಊರಿತು. ಎಜೆಲ್ ಕೂಗಿದ ಹೆಸರುಗಳು ಒಂದೊಂದಾಗಿ ಕಿವಿಯಲ್ಲಿ ಕೇಳಿದವು. ಜಗಲಿಯ ಮೇಲಿದ್ದ ಆರ್ಜುಲಾ ತಲೆ ತಗ್ಗಿಸಿದಳು. ಅವಳಿಗೂ ಕೇಳಿತ್ತು.

"ಒಂದು ಗಂಟೆ ಕೊಡ್ತೀನಿ," ಎಂದ ಹೋಲ್ಕಟ್. "ಅಷ್ಟರಲ್ಲಿ ಆ ಕೌದಿ ಬೇಲಿ ಮೇಲಿರಬೇಕು. ಜನ ಒಳಗಿರಬೇಕು. ನಮಗೆ ಬೇಕಾಗಿರೋದು ನಿನ್ನ ಮಗ ಒಬ್ಬನೇ. ಮಿಕ್ಕವರಿಗೆ ಏನೂ ಮಾಡಲ್ಲ."

ಟ್ರಕ್ಕು ರಸ್ತೆಯ ತಿರುವಿನಲ್ಲಿದ್ದ ಹತ್ತಿಯ ಮಿಲ್ಲಿನ ಕಡೆ ಹೋಯಿತು. ಧೂಳು ನಿಧಾನವಾಗಿ ಇಳಿದು ಬಿಳಿ ಬಟ್ಟೆಗಳ ಮೇಲೆ ಕೂತಿತು.

ಕ್ಲಿಯೋ ಅವ್ವನ ತೋಳು ಹಿಡಿದ. "ಅವ್ವ, ನಾನು ಹೊಳೆ ಕಡೆಯಿಂದ ಹೋಗ್ಬಿಡ್ತೀನಿ. ಇವ್ರಿಗೆಲ್ಲ ಯಾಕೆ ತೊಂದರೆ."

"ಸುಮ್ನಿರು."

ಅವಳು ಜಗಲಿಗೆ ಹೋಗಿ ಮಡಚಿಟ್ಟ ಕೌದಿಯನ್ನು ಎತ್ತಿಕೊಂಡಳು. ತೆರೆದ ಬಾಗಿಲುಗಳಲ್ಲಿ ನಿಂತವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಬೇಲಿಗೆ ಹಾಕಿದರೆ ಒಳಗೆ ಹೋಗುವುದು ಅವರಿಗೆ ರೂಢಿ. ಯಾರೂ ಯಾರನ್ನೂ ಬೈಯುವುದಿಲ್ಲ. ಅವಳು ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಬೇಲಿಯ ಬಾಗಿಲು ತೆರೆದು ರಸ್ತೆಗೆ ಕಾಣುವಂತೆ, ತಂತಿಯ ಕೆಳಗೆ, ಕೌದಿಯನ್ನು ನೆಲಕ್ಕೆ ಹಾಸಿದಳು. ಬಿಸಿಲು ಕಾಣದ ಕಡುನೀಲಿ ಮೈ ಮೇಲಾಯಿತು. ಅದರ ನಡುವೆ ಕೂತಳು. ಕೋಲನ್ನು ತೊಡೆಯ ಮೇಲಿಟ್ಟುಕೊಂಡಳು. ಕ್ಲಿಯೋ ಬಂದು ಪಕ್ಕದಲ್ಲಿ ಕೂತ.

ಆರ್ಜುಲಾ ಬೇಲಿ ದಾಟಿ ಬಂದಳು. ನಿಂತೇ ಇದ್ದಳು.

"ಅವತ್ತು ಅವನು ನನ್ನ ಹೆಸರು ಕೂಗಿದ್ದು ನಂಗೆ ಕೇಳಿಸ್ತು ಕಣೇ," ಎಂದಳು. "ಕಿವಿಗೆ ದಿಂಬು ಒತ್ಕಂಡು ಮಲಗಿದ್ದೆ. ಆದ್ರೂ ಕೇಳಿಸ್ತು."

"ಕೂತ್ಕೊ ಅಕ್ಕ. ಜಾಗ ಐತೆ."

ಮುದುಕಿ ಮೊಣಕಾಲು ಹಿಡಿದು ನಿಧಾನವಾಗಿ ಕೂತಳು. ಇನ್ನೂ ಕೆಲವರು ಬಂದರು. ಕೆಲವರು ಬಾಗಿಲು ಹಾಕಿಕೊಂಡರು. ಬಂದವರು ಒತ್ತೊತ್ತಾಗಿ ಕೂತರು. ಯಾರೂ ಪ್ರಾರ್ಥನೆ ಹೇಳಲಿಲ್ಲ, ಯಾರೂ ಹಾಡಲಿಲ್ಲ. ತಲೆಯ ಮೇಲೆ ಖಾಲಿ ನಿಲುವಂಗಿಗಳು ಗಾಳಿಗೆ ತೋಳು ಬಡಿಯುತ್ತಿದ್ದವು.

ಹತ್ತಿ ಮಿಲ್ಲಿನ ತಿರುವಿನಲ್ಲಿ ಟ್ರಕ್ಕಿನ ದೀಪ ಹೊತ್ತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ದೀಪಗಳು ಕೇರಿಯ ಕಡೆ ತಿರುಗಿದವು.

ಕೌದಿಯ ಮೇಲೆ ಕೂತವರಲ್ಲಿ ಒಬ್ಬರೂ ಏಳಲಿಲ್ಲ.